ಖಾಲಿ ಕುರ್ಚಿ ಕಾಣಬಾರದು

ಬೀದಿದೀಪ ಇನ್ನೂ ಆರಿಲ್ಲ. ಪುಸ್ತಕದಂಗಡಿಯ ಷಟರ್ ಅರ್ಧಕ್ಕೆ ಎದ್ದು ನಿಂತಿದೆ. ಕೆಳಗಿನ ಸಂದಿಯಲ್ಲಿ ಎರಡು ಬರಿಗಾಲು ಮಾತ್ರ ಕಾಣುತ್ತವೆ, ಅವೂ ಹಿಂದಹಿಂದಕ್ಕೆ ಬರುತ್ತಿವೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಬಗ್ಗಿ ಒಳಗೆ ನುಸುಳಿದರೆ, ಐವತ್ತು ದಾಟಿದ ಗಟ್ಟಿಮುಟ್ಟಾದ ಮನುಷ್ಯರೊಬ್ಬರು ಅಡುಗೆ ಪುಸ್ತಕಗಳ ಕಪಾಟನ್ನು ತಬ್ಬಿಕೊಂಡು ಎಳೆಯುತ್ತಿದ್ದಾರೆ. ಕಪಾಟಿಗೆ ಚಕ್ರಗಳೇನೋ ಇವೆ, ಆದರೆ ಒಂದಕ್ಕೆ ಮೊದಲಿಂದಲೂ ಹಟ. "ಬಾ ಬಾ, ಹೊತ್ತಾಯ್ತು, ಆಟ ಆಡ್ಬೇಡ," ಎಂದು ಅದರ ಜೊತೆ ಮಾತು ನಡೆದಿದೆ.

"ಕಥೆ, ಕಾದಂಬರಿ ಎಲ್ಲಾ ಹೂ ಎತ್ತಿದ ಹಾಗೆ ಬರುತ್ತೆ. ಈ ಅಡುಗೇದೇ ನೋಡಿ ಭಾರ," ಎನ್ನುತ್ತಾ ನಡು ನೆಟ್ಟಗೆ ಮಾಡಿಕೊಳ್ಳುತ್ತಾರೆ. "ಓದೋಕೇ ಇಷ್ಟು ಭಾರ, ಇನ್ನು ತಿಂದ್ರೆ ಹೆಂಗೋ!"

ಬೀದಿಯವರೆಲ್ಲ ಅವರನ್ನು ಕರೆಯುವುದು ಕುರ್ಚಿಯಣ್ಣ ಎಂದು. ವಾರದ ದಿನಗಳಲ್ಲಿ ಅವರು ಪುಸ್ತಕದ ಕಟ್ಟು ಬಿಚ್ಚುತ್ತಾರೆ, ಧೂಳು ಹೊಡೆಯುತ್ತಾರೆ, ಸೈಕಲ್ ಮೇಲೆ ಪಾರ್ಸೆಲ್ ಮುಟ್ಟಿಸುತ್ತಾರೆ. ಶನಿವಾರ ಸಂಜೆ ಈ ಪುಟ್ಟ ಅಂಗಡಿಗೆ ಒಬ್ಬ ಲೇಖಕರೋ ಲೇಖಕಿಯೋ ಬಂದು ತಮ್ಮ ಪುಸ್ತಕದ ಬಗ್ಗೆ ಮಾತಾಡುತ್ತಾರೆ. ಅವತ್ತು ನಡುವಿನ ಕಪಾಟುಗಳನ್ನೆಲ್ಲ ಗೋಡೆಗೆ ತಳ್ಳಿ, ಅಂಗಡಿಯನ್ನು ಸಭೆ ಮಾಡುವುದು ಕುರ್ಚಿಯಣ್ಣನ ಕೆಲಸ. ಗಿರಾಕಿಗಳು ಬರುವ ಮೊದಲೇ ಕಪಾಟು ಸರಿಯಬೇಕಾದ್ದರಿಂದ ಶನಿವಾರ ಅವರಿಗೆ ಬೇಗ ಬೆಳಗಾಗುತ್ತದೆ. ಈ ಕಾರ್ಯಕ್ರಮಗಳ ಫೋಟೋ ಎಷ್ಟೋ ಸಲ ಪತ್ರಿಕೆಯಲ್ಲಿ ಬಂದಿದೆ. ಅಂಚಿನಲ್ಲಿ, ಬಾಗಿಲ ಪಕ್ಕ, ಅರ್ಧ ಮೊಣಕೈ ಕಂಡರೆ ಅದು ಇವರದು.

ಇವತ್ತು ಮಾತ್ರ ಕುರ್ಚಿಯಣ್ಣನಿಗೆ ಯಾವ ಕೆಲಸವೂ ಮುಗಿಯುತ್ತಿಲ್ಲ. ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸುತ್ತಿದ್ದಾರೆ. ಸಂಜೆ ಬರುವ ಲೇಖಕರು ಹಿಂದೊಮ್ಮೆ ಇದೇ ಅಂಗಡಿಗೆ ಬಂದಿದ್ದವರು. ಕುರ್ಚಿಯಣ್ಣ ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಡೆದ ಮೊಟ್ಟಮೊದಲ ಕಾರ್ಯಕ್ರಮ ಅದು. ಅವತ್ತು ಆದದ್ದನ್ನು ನೆನೆದರೆ ಅವರಿಗೆ ಈಗಲೂ ಮುಖ ಬಾಡುತ್ತದೆ.

ಅದಕ್ಕೂ ಮುಂಚೆ ಅವರು ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ದುಡಿಯುತ್ತಿದ್ದರು. ಮೀಸೆ ಚಿಗುರುವ ವಯಸ್ಸಿನಿಂದ ಅದೇ ಕೆಲಸ: ಕುರ್ಚಿಗಳನ್ನು ವ್ಯಾನಿಗೆ ಏರಿಸು, ಇಳಿಸು, ಸಾಲು ಹಾಕು, ಮತ್ತೆ ಪೇರಿಸು. ಮದುವೆ, ಶಾಲೆಯ ವಾರ್ಷಿಕೋತ್ಸವ, ಸಂಘದ ಸಭೆ, ಏನಿದ್ದರೂ ಸರಿ. ನಡುನೋವು ಅಲ್ಲಿಂದಲೇ ಬಂದ ಬಳುವಳಿ. ಅಂಗಿಯ ಒಳಗೆ ಬೆಲ್ಟ್ ಕಟ್ಟದೆ ಇವತ್ತಿಗೂ ಮನೆಯಿಂದ ಹೊರಡುವುದಿಲ್ಲ. ಆ ಅಂಗಡಿ ಮುಚ್ಚಿದಾಗ ಹಳೆಯ ಕುರ್ಚಿ ಕೊಳ್ಳಲು ಬಂದವರು ಪುಸ್ತಕದಂಗಡಿಯ ಒಡತಿ. ಇವರಿಗೆ ಅವರು ಬರೀ 'ಮೇಡಂ'.

"ಮೇಡಂ ಕುರ್ಚಿ ತಗೊಂಡ್ರು, ಅದರ ಜೊತೆ ನಾನೂ ಬಂದೆ. ಎಲ್ಲಾ ಸೆಕೆಂಡ್ ಹ್ಯಾಂಡ್ ಮಾಲು," ಎಂದು ನಗುತ್ತಾರೆ. ನಗು ಅಲ್ಲಿಗೇ ನಿಲ್ಲುತ್ತದೆ. "ಬಾಡಿಗೆ ಕುರ್ಚಿ ಕೆಲಸದಲ್ಲಿ ಒಂದೇ ಪಾಠ ಸ್ವಾಮಿ. ಕುರ್ಚಿ ಕಡಿಮೆ ಬೀಳಬಾರದು. ಒಬ್ಬರು ನಿಂತ್ಕೊಂಡ್ರೂ ನಮಗೆ ಬೈಗುಳ. ಅದಕ್ಕೇ ಆವತ್ತು, ಹೊಸ ಕೆಲಸ, ಮೇಡಂ ಮೆಚ್ಚಲಿ ಅಂತ, ಇದ್ದಬದ್ದ ಕುರ್ಚಿ ಅಷ್ಟೂ ಹಾಕ್ಬಿಟ್ಟೆ. ದಾರ ಹಿಡಿದು ಸಾಲು ಹಾಕ್ದೆ. ಸಾಲದು ಅಂತ ಪಕ್ಕದ ದರ್ಜಿ ಹತ್ರ ಎರಡು ಸ್ಟೂಲೂ ತಂದೆ."

ಬಂದವರು ನಾಲ್ಕು ಜನ. ಅವರಲ್ಲೊಬ್ಬರು ಬಸ್ಸು ಬರುವವರೆಗೆ ಕೂರಲು ಜಾಗ ಹುಡುಕಿಕೊಂಡು ಬಂದವರು.

"ಆ ಸರ್‌ಗೆ ಅದು ಮೊದಲ್ನೇ ಪುಸ್ತಕ. ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ರು. ಓದ್ತಾ ಓದ್ತಾ ತಲೆ ಎತ್ತೋರು, ಖಾಲಿ ಕುರ್ಚಿ ನೋಡಿ ಮತ್ತೆ ತಲೆ ತಗ್ಗಿಸೋರು. ನಾನು ಸಾಲು ಎಷ್ಟು ನೆಟ್ಟಗೆ ಹಾಕಿದ್ದೆ ಅಂದ್ರೆ, ಯಾವ ಕಡೆ ನೋಡಿದ್ರೂ ಖಾಲಿನೇ. ಕೊನೆಗೆ ಯಾರೂ ತುಟಿ ಬಿಚ್ಚಲಿಲ್ಲ. ಆ ಮೌನ ತಡೆಯೋಕಾಗದೆ ನಾನೇ ಬಾಯಿಗೆ ಬಂದಿದ್ದು ಏನೋ ಕೇಳ್ದೆ. ಏನು ಅಂತ ನೆನಪಿಲ್ಲ. ಆ ಕುರ್ಚಿಗಳು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿವೆ."

ಆ ಲೇಖಕರು ಆಮೇಲೆ ವರ್ಷಗಟ್ಟಲೆ ಇನ್ನೊಂದು ಪುಸ್ತಕ ತರಲಿಲ್ಲ. ಹೊಸ ಪುಸ್ತಕದ ಕಟ್ಟು ಬಂದಾಗಲೆಲ್ಲ ಕುರ್ಚಿಯಣ್ಣ ಮೇಡಂ ಅವರನ್ನು ಕೇಳುತ್ತಿದ್ದರು: "ಆ ಸರ್‌ದು ಏನಾದ್ರೂ ಬಂತಾ?" ಇಲ್ಲ ಎಂಬ ಉತ್ತರ ಕೇಳಿ ಕೇಳಿ, ಅವರ ಕೈ ಕಟ್ಟಿಹಾಕಿದ್ದು ತಾನೇ ಎಂದು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರು. ಈಗ ಎರಡನೆಯ ಪುಸ್ತಕ ಬಂದಿದೆ. "ಒಂದು ಸಲ, ಒಂದೇ ಒಂದು ಸಲ ಅವರಿಗೆ ತುಂಬಿದ ಅಂಗಡಿ ತೋರಿಸ್ಬೇಕು. ಅಷ್ಟೇ ನನ್ನ ಆಸೆ," ಎನ್ನುತ್ತಾರೆ.

ಅವತ್ತಿನಿಂದ ಅವರ ಪದ್ಧತಿಯೇ ಬದಲಾಗಿದೆ. ಮೊದಲಿಗೆ ಆರೇ ಕುರ್ಚಿ, ಅದೂ ಸಾಲಾಗಿ ಅಲ್ಲ, ಅರ್ಧ ಚಂದ್ರನ ಹಾಗೆ. ಉಳಿದವು ಉಗ್ರಾಣದ ಪರದೆಯ ಹಿಂದೆ. ಆರೂ ತುಂಬಿದ ಮೇಲೆ ಗಾಜಿನ ಬಾಗಿಲು ತೆರೆದು ಇನ್ನೊಬ್ಬರು ಒಳಗೆ ಬಂದರೆ, ಅವರು ಚಪ್ಪಲಿ ಬಿಡುವಷ್ಟರಲ್ಲಿ ಒಂದು ಕುರ್ಚಿ ಬಂದು ಕೂತಿರುತ್ತದೆ. ಸದ್ದಾಗದಂತೆ ಕಾಲುಗಳಿಗೆಲ್ಲ ಹಳೆಯ ಸೈಕಲ್ ಟ್ಯೂಬಿನ ತುಂಡು ಹಾಕಿದ್ದಾರೆ. ನಡುವೆ ಯಾರಾದರೂ ಎದ್ದು ಹೋದರೆ ಅವರ ಕುರ್ಚಿಯೂ ಹಿಂದೆಯೇ ಮಾಯ. ಹೀಗಾಗಿ ಆರು ಜನ ಬಂದರೂ ಅದು ಸಭೆ, ಮೂವತ್ತು ಜನ ಬಂದರೂ ಸಭೆ. ಮಾತಾಡುವವರ ಕಣ್ಣಿಗೆ ಖಾಲಿ ಕುರ್ಚಿ ಬೀಳುವುದೇ ಇಲ್ಲ.

ಇದರಲ್ಲಿ ಸ್ವಲ್ಪ ರಾಜಕೀಯವೂ ಇದೆ. "ಪ್ರಶ್ನೆ ಕೇಳ್ತೀನಿ ಅಂತ ಎದ್ದು ತಾವೇ ಭಾಷಣ ಶುರು ಮಾಡೋರು ಒಬ್ರು ಇದಾರೆ," ಎಂದು ಕುರ್ಚಿಯಣ್ಣ ದನಿ ತಗ್ಗಿಸುತ್ತಾರೆ. "ಅವರಿಗೆ ಕಿಟಕಿ ಪಕ್ಕದ ಕುರ್ಚಿ. ಗಾಳಿ ಚೆನ್ನಾಗಿದೆ ಸಾರ್ ಅಂತೀನಿ. ಅಲ್ಲಿವರೆಗೆ ಮೈಕಿನ ವೈರು ಎಟುಕಲ್ಲ."

ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಇದನ್ನು ಕೇಳಿಸಿಕೊಂಡ ಮೇಡಂ ಕನ್ನಡಕ ತೆಗೆದು ನಗುತ್ತಾರೆ. "ಬರೆಯೋರು ಎಷ್ಟೇ ದೊಡ್ಡೋರಾಗಿರಲಿ, ಬಾಗಿಲಲ್ಲಿ ಕಾಲಿಟ್ಟ ಕೂಡ್ಲೇ ಮೊದಲು ನೋಡೋದು ಎಷ್ಟು ಜನ ಬಂದಿದಾರೆ ಅಂತ. ನಾನು ಪುಸ್ತಕ ಮಾರ್ತೀನಿ ಅಷ್ಟೇ. ಬಂದೋರ ಮಾನ ಕಾಯೋದು ಇವರು. ಇವರಿಲ್ಲದಿದ್ರೆ ಈ ಶನಿವಾರಗಳು ಯಾವತ್ತೋ ನಿಂತು ಹೋಗ್ತಿದ್ವು." ಹೊಗಳಿಕೆ ಕಿವಿಗೆ ಬೀಳುತ್ತಲೇ ಕುರ್ಚಿಯಣ್ಣನಿಗೆ ಉಗ್ರಾಣದಲ್ಲಿ ಏನೋ ಕೆಲಸ ನೆನಪಾಗುತ್ತದೆ.

ಮಧ್ಯಾಹ್ನದ ಊಟ ತರುವವರು ಅವರ ಹೆಂಡತಿ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಆಲ್ಟರ್ ಮಾಡಿಕೊಡುತ್ತಾರೆ. ಡಬ್ಬಿಯ ಮುಚ್ಚಳ ತೆಗೆಯುತ್ತಾ ನನ್ನ ಬಳಿ ದೂರು ಶುರು: "ನಮ್ಮನೇಲೂ ನಾಲ್ಕು ಕುರ್ಚಿ ಇವೆ. ಒಂದರ ಮೇಲಾದ್ರೂ ಈ ಮನುಷ್ಯ ಕೂತಿದ್ದು ನಾನು ಕಾಣೆ. ಊಟಾನೂ ನಿಂತೇ. ಇದನ್ನೂ ಬರೀರಿ ಪೇಪರ್‌ನಲ್ಲಿ."

"ಕೂತ್ರೆ ಏಳೋಕೆ ಮಂಡಿ ಒಪ್ಪಲ್ಲ ಕಣೇ," ಎಂದು ಅವರು ನಿಂತೇ ತುತ್ತು ನುಂಗುತ್ತಾರೆ.

ಊಟ ಮುಗಿಸಿ ಬೀದಿ ಸುತ್ತುವುದು ಶನಿವಾರದ ಇನ್ನೊಂದು ಕೆಲಸ. ಔಷಧಿ ಅಂಗಡಿ, ಕ್ಷೌರದ ಅಂಗಡಿ, ದರ್ಜಿ, ಸೈಕಲ್ ರಿಪೇರಿ, ಎಲ್ಲ ಕಡೆಯೂ ಮನೆಯ ಸಮಾರಂಭಕ್ಕೆ ಕರೆದಂತೆ ಕರೆಯುತ್ತಾರೆ. ಇವತ್ತು ಅವರ ಗ್ರಹಚಾರಕ್ಕೆ ಟಿ.ವಿ.ಯಲ್ಲಿ ಫುಟ್‌ಬಾಲ್ ಫೈನಲ್ ಮ್ಯಾಚ್. ಕ್ಷೌರದವರು ಕತ್ತರಿ ನಿಲ್ಲಿಸಿ, "ಇವತ್ತಾ ಅಣ್ಣ? ಮ್ಯಾಚ್ ಬಿಟ್ಟು ಹೆಂಗೆ ಬರ್ಲಿ?" ಎಂದು ತಲೆ ಕೆರೆದುಕೊಳ್ಳುತ್ತಾರೆ.

"ಮ್ಯಾಚ್ ನಾಳೆ ಪೇಪರ್‌ನಲ್ಲಿ ಬರುತ್ತೆ ಮಾರಾಯ. ಈ ಸರ್ ನಾಳೆ ಸಿಗಲ್ಲ."

"ನೋಡೋಣ ಅಣ್ಣ" ಎಂಬ ಉತ್ತರವೇ ಎಲ್ಲ ಕಡೆ. ಆ 'ನೋಡೋಣ'ದ ಅರ್ಥ ಅವರಿಗೂ ಗೊತ್ತು, ನನಗೂ ಗೊತ್ತು. ವಾಪಸು ಬಂದವರೇ ಅವರು ಮತ್ತೆ ಒರೆಸುವ ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ.

ಸಂಜೆಯಾಗುತ್ತದೆ. ಆರು ಕುರ್ಚಿಗಳ ಅರ್ಧ ಚಂದ್ರ ಸಿದ್ಧವಾಗಿದೆ. ಮೊದಲು ಬಂದವರು ಕುರ್ಚಿಯಣ್ಣನ ಹೆಂಡತಿ, ಒಳ್ಳೆಯ ಸೀರೆ ಉಟ್ಟುಕೊಂಡು. ಆಮೇಲೆ ದರ್ಜಿ. ಆಮೇಲೆ ಔಷಧಿ ಅಂಗಡಿಯ ದಂಪತಿ, ಭಾಷಣದ ಯಜಮಾನರು, ಕಾಲೇಜಿನ ಇಬ್ಬರು ಹುಡುಗಿಯರು. ಲೇಖಕರು ಬಾಗಿಲಲ್ಲಿ ಕಾಣಿಸಿಕೊಂಡಾಗ ಏಳನೆಯ ಕುರ್ಚಿಯೂ ತುಂಬಿದೆ. ಕೂದಲು ಬೆಳ್ಳಗಾಗಿದೆ, ಅಂಗಿ ಈಗಲೂ ಇಸ್ತ್ರಿಯದೇ. ಒಬ್ಬೊಬ್ಬರೇ ಇನ್ನೂ ನಾಲ್ಕೈದು ಜನ ಬರುತ್ತಾರೆ. ಅಲ್ಲಿಗೆ ಬಾಗಿಲು ತೆರೆಯುವುದು ನಿಲ್ಲುತ್ತದೆ. ಎದುರಿನ ಚಹಾ ಅಂಗಡಿಯ ಟಿ.ವಿ. ಮುಂದೆ ಮಾತ್ರ ಜನವೋ ಜನ. ಪರದೆಯ ಹಿಂದೆ ಮುಕ್ಕಾಲು ಪಾಲು ಕುರ್ಚಿ ಪೇರಿಸಿದ ಹಾಗೇ ಉಳಿದಿವೆ. ಕುರ್ಚಿಯಣ್ಣ ಒಮ್ಮೆ ಅವುಗಳ ಕಡೆ, ಒಮ್ಮೆ ಬೀದಿಯ ಕಡೆ ನೋಡುತ್ತಾರೆ. ತುಂಬಿದ ಅಂಗಡಿಯ ಆಸೆ ಕೈಗೂಡಲಿಲ್ಲ ಎಂಬುದು ಅವರ ಮುಖದಲ್ಲೇ ಬರೆದಂತಿದೆ, ನನಗೂ ಸಂಕಟವಾಗುತ್ತದೆ.

ಲೇಖಕರು ಚೆನ್ನಾಗಿಯೇ ಮಾತಾಡುತ್ತಾರೆ. ಮುಗಿದ ಮೇಲೆ ಮೇಡಂ, "ಯಾರಾದ್ರೂ ಏನಾದ್ರೂ ಕೇಳೋದಿದ್ರೆ..." ಎನ್ನುತ್ತಾರೆ. ಕಿಟಕಿ ಪಕ್ಕದ ಭಾಷಣದ ಯಜಮಾನರಿಗೆ ಮೈಕು ಎಟುಕುವುದಿಲ್ಲ. ಉಳಿದವರೆಲ್ಲ ತಮ್ಮ ತಮ್ಮ ಕಾಲಬೆರಳು ನೋಡಿಕೊಳ್ಳುತ್ತಾರೆ. ಹೊರಗೆ ಗೋಲೋ ಏನೋ ಬಿದ್ದು ಬೀದಿಯೇ ಕಿರುಚುತ್ತದೆ. ಆಗ ಲೇಖಕರು ಬಾಗಿಲ ಕಡೆ ತಿರುಗುತ್ತಾರೆ.

"ಅಣ್ಣ, ನೀವು ಕೇಳಲ್ವಾ?"

ಕುರ್ಚಿಯಣ್ಣ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತಾರೆ. ಹಿಂದೆ ಇರುವುದು ಬಾಗಿಲು.

"ನಿಮ್ಮನ್ನೇ ಅಣ್ಣ," ಎಂದು ಲೇಖಕರು ಎದ್ದು ನಿಂತು ಸಭೆಯ ಕಡೆ ತಿರುಗುತ್ತಾರೆ. "ಆವತ್ತು ಇಲ್ಲೇ ನಾನೊಂದು ಕಥೆ ಓದಿದ್ದೆ. ಜಗಳ ಆಡ್ಕೊಂಡು ಹೋಗಿದ್ದ ಮಗಳು ವಾಪಸ್ ಬಂದು ಬಾಗಿಲು ಬಡೀತಾಳೆ. ಒಳಗೆ ಅವಳ ಅಮ್ಮ ಉಸಿರು ಬಿಗಿ ಹಿಡ್ಕೊಂಡು ನಿಂತಿರ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತೆ. ದೊಡ್ಡ ಕೊನೆ ಬರೆದಿದೀನಿ ಅನ್ನೋ ಜಂಬ ನನಗೆ. ಇವರು ಬಾಗಿಲ ಹತ್ರ ನಿಂತು, 'ಸರ್, ಆ ಅಮ್ಮ ಬಾಗಿಲು ತೆಗೀತಾಳಾ?' ಅಂದ್ರು. ಗೊತ್ತಿಲ್ಲ ಅಂದೆ. 'ಪಾಪ, ಎಷ್ಟು ಹೊತ್ತು ಹೊರಗೆ ನಿಲ್ತಾಳೆ ಸರ್ ಆ ಹುಡುಗಿ' ಅಂದ್ರು. ಆವತ್ತಿಂದ ಆ ಮಾತು ನನ್ನ ಬಿಡ್ಲಿಲ್ಲ. ನಿಮಗೆ ಉತ್ತರ ಕೊಡೋಕೆ ನನಗೆ ಇಷ್ಟು ವರ್ಷ ಬೇಕಾಯ್ತು ಅಣ್ಣ. ಈ ಪುಸ್ತಕ ಶುರುವಾಗೋದೇ ಅಲ್ಲಿಂದ. ಮೊದಲ್ನೇ ಪುಟ ಓದ್ಲಾ?"

ಕುರ್ಚಿಯಣ್ಣ ತಲೆಯಾಡಿಸುತ್ತಾರೆ.

"ನಿಂತು ಕೇಳೋದಲ್ಲ. ಕೂತ್ಕೊಳ್ಳಿ."

ಅಂಗಡಿಯಲ್ಲಿ ಖಾಲಿ ಕುರ್ಚಿಯೇ ಇಲ್ಲ. ಇರದ ಹಾಗೆ ಅವರೇ ನೋಡಿಕೊಂಡಿದ್ದಾರಲ್ಲ! ಪರದೆಯ ಹಿಂದೆ ಹೋಗಿ, ಅಭ್ಯಾಸದಂತೆ ಸದ್ದಿಲ್ಲದೆ ಒಂದು ಕುರ್ಚಿ ತಂದು, ಅರ್ಧ ಚಂದ್ರನ ತುದಿಯಲ್ಲಿಟ್ಟು, ಅದರ ಅಂಚಿನಲ್ಲೇ ಕೂರುತ್ತಾರೆ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಾರೆ. ಲೇಖಕರು ಓದುತ್ತಾರೆ. ಅಮ್ಮ ಚಿಲಕ ತೆಗೆಯುತ್ತಾಳೆ. ಕಾದು ಕಾದು ಬಾಗಿಲಿಗೆ ಒರಗಿಯೇ ನಿದ್ದೆಹೋಗಿದ್ದ ಮಗಳು, ಬಾಗಿಲು ತೆರೆದದ್ದೇ ಒಳಕ್ಕೆ, ಅಮ್ಮನ ಕಾಲ ಮೇಲೆ ಬೀಳುತ್ತಾಳೆ. "ಸದ್ಯ!" ಎಂದು ಕುರ್ಚಿಯಣ್ಣ ಗಟ್ಟಿಯಾಗಿಯೇ ಹೇಳಿಬಿಡುತ್ತಾರೆ. ಎಲ್ಲರೂ ನಗುತ್ತಾರೆ. ನನ್ನ ಕಣ್ಣು ಮಂಜಾದದ್ದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಜನ ಪುಸ್ತಕ ಕೊಂಡು, ಸಹಿ ಹಾಕಿಸಿಕೊಂಡು ಚದುರುತ್ತಾರೆ. ಲೇಖಕರು ಬಾಗಿಲಲ್ಲಿ ಬಗ್ಗಿ ಷೂ ಲೇಸು ಕಟ್ಟುತ್ತಿದ್ದಾಗ ಕುರ್ಚಿಯಣ್ಣ ಕೈ ಒರೆಸಿಕೊಳ್ಳುತ್ತಾ ಅವರ ಬಳಿ ಹೋಗುತ್ತಾರೆ. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದು ಕೊನೆಗೂ ಹೊರಬರುತ್ತದೆ.

"ಸರ್, ಆವತ್ತು ಆ ಕುರ್ಚಿಗಳು... ನನ್ನದೇ ತಪ್ಪು ಸರ್. ಮನಸ್ಸಿಗೆ ಹಚ್ಕೋಬೇಡಿ."

ಲೇಖಕರು ತಲೆ ಎತ್ತುತ್ತಾರೆ. ಮುಖದಲ್ಲಿ ನಿಜವಾದ ಗೊಂದಲ. "ಯಾವ ಕುರ್ಚಿ ಅಣ್ಣ?"

ಕುರ್ಚಿಯಣ್ಣ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ಲೇಖಕರು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹೋಗಿಬರ್ತೀನಿ ಎಂದು ಬೀದಿಗಿಳಿಯುತ್ತಾರೆ.

ಒಳಗೆ ಕುರ್ಚಿ ಪೇರಿಸುವ ಕೆಲಸ ಶುರುವಾಗುತ್ತದೆ. ಇವತ್ತು ನಾನೂ ಕೈ ಹಾಕುತ್ತೇನೆ, ಅವರು ಬೇಡ ಬೇಡ ಎಂದರೂ. ಪೇರಿಸುತ್ತಲೇ ಅವರು ತಮ್ಮಷ್ಟಕ್ಕೆ ನಗುತ್ತಾರೆ, ತಲೆ ಕೊಡವುತ್ತಾರೆ, ಮತ್ತೆ ನಗುತ್ತಾರೆ. "ಯಾವ ಕುರ್ಚಿ ಅಂತಾರೆ ನೋಡಿ! ನಾನು ಇಷ್ಟು ವರ್ಷ ಹೊತ್ಕೊಂಡು ತಿರುಗಿದ್ದು ಯಾವ ಕುರ್ಚಿನೋ ಹಾಗಾದ್ರೆ."

ತಾವು ಕೂತಿದ್ದ ಕುರ್ಚಿಯನ್ನು ಕೊನೆಗೆ ಎತ್ತಿಕೊಳ್ಳುತ್ತಾರೆ. ಅದನ್ನು ಒಮ್ಮೆ ಒರೆಸುತ್ತಾರೆ.

"ಮೂರನೇದೂ ಬರೀಲಿ ಅವರು," ಎನ್ನುತ್ತಾರೆ. "ನಿಧಾನಕ್ಕೆ ಬರೀಲಿ, ಅವಸರ ಏನಿಲ್ಲ. ಬರೆದು ಇಲ್ಲಿಗೇ ಬರ್ಲಿ. ಕುರ್ಚಿ ಚಿಂತೆ ನನಗಿರ್ಲಿ."