ಕಬಡ್ಡಿ ತಂಡಕ್ಕೆ ನಾನು ಕ್ಯಾಪ್ಟನ್ ಆದ ವರ್ಷ

ಒಂಬತ್ತನೆಯ ತರಗತಿಯಲ್ಲಿದ್ದಾಗ ನನ್ನನ್ನು ಧಾರವಾಡದ ನಮ್ಮ ಶಾಲೆಯ ಹುಡುಗಿಯರ ಕಬಡ್ಡಿ ತಂಡಕ್ಕೆ ಕ್ಯಾಪ್ಟನ್ ಮಾಡಿದರು. ನನ್ನ ಆಟ ಅಂಥಾದ್ದೇನೂ ಇರಲಿಲ್ಲ. ರೇಡಿಗೆ ಹೋದರೆ ಎದುರಿನವರು ಅವಸರವಿಲ್ಲದೆ ಹಿಡಿಯುತ್ತಿದ್ದರು. ಆದರೂ ಪಿಟಿ ಸರ್ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು, "ಈಕಿಯೊಳಗ ನಾಯಕತ್ವದ ಗುಣ ಐತಿ ನೋಡ್ರಿ" ಎಂದರು. ನಾನು ತಕ್ಷಣ ನಂಬಿದೆ. ಅಂಥ ಮಾತನ್ನು ನಂಬಲು ಯಾರಿಗೂ ಪುರಾವೆ ಬೇಕಾಗುವುದಿಲ್ಲ.

ಮರುದಿನದಿಂದ ನನ್ನ ನಡಿಗೆಯೇ ಬದಲಾಯಿತು. ಕೊರಳಿಗೆ ಸೀಟಿ ಹಾಕಿಕೊಂಡೆ. ಬೆಳಗಿನ ಪ್ರಾಕ್ಟೀಸಿಗೆ ತಡವಾಗಿ ಬಂದವರು ಮೈದಾನಕ್ಕೆ ಐದು ಸುತ್ತು ಓಡಬೇಕೆಂದು ಕಾನೂನು ಮಾಡಿದೆ. ಅದಕ್ಕೆ ದಿನಾ ಸಿಕ್ಕಿಬೀಳುತ್ತಿದ್ದವಳು ಒಬ್ಬಳೇ, ಮುಗದ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಎಂಟನೆಯ ತರಗತಿಯ ಹುಡುಗಿ. ತಂಡದ ಒಳ್ಳೆಯ ರೇಡರ್ ಕೂಡ ಅವಳೇ. ಬಸ್ಸು ತಡವಾದರೆ ಅವಳೇನು ಮಾಡಿಯಾಳು ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಸೀಟಿ ಊದುತ್ತಿದ್ದೆ. ಅವಳು ಚೀಲ ಕೆಳಗಿಟ್ಟು ಓಡುತ್ತಿದ್ದಳು.

ಪಂದ್ಯ ಹುಬ್ಬಳ್ಳಿಯಲ್ಲಿತ್ತು. ರಾಯಾಪುರದಲ್ಲಿ ಗ್ಯಾರೇಜ್ ಇಟ್ಟಿದ್ದ ನನ್ನ ಅಬ್ಬಾ ತಮ್ಮ ಟೆಂಪೋದಲ್ಲಿ ತಂಡವನ್ನೆಲ್ಲ ಕರೆದೊಯ್ದರು. ಅಂದೂ ಆ ಹುಡುಗಿ ಹತ್ತು ನಿಮಿಷ ತಡವಾಗಿ ಬಂದು ಟೆಂಪೋ ಹತ್ತಿದಳು. ಶಿಸ್ತು ಕಲಿಸಲು ನನಗೆ ಅದಕ್ಕಿಂತ ಒಳ್ಳೆಯ ದಿನ ಹೊಳೆಯಲಿಲ್ಲ. ಮೊದಲರ್ಧ ಅವಳನ್ನು ಹೊರಗೆ ಕೂರಿಸಿ, ಅವಳ ಬದಲು ನಾನೇ ರೇಡಿಗೆ ಹೋದೆ. ಫೋನಿನಲ್ಲಿ ಮುಳುಗಿದ್ದ ಸರ್ ಕೈಯಾಡಿಸಿ ಒಪ್ಪಿಗೆ ಕೊಟ್ಟರು. ಅರ್ಧ ಆಟ ಮುಗಿಯುವಾಗ ನಾವು ಹದಿನಾಲ್ಕು ಅಂಕ ಹಿಂದಿದ್ದೆವು.

ನೀರು ಕುಡಿಯುವಾಗ ತಂಡದ ಯಾರೂ ನನ್ನ ಮುಖ ನೋಡಲಿಲ್ಲ. ನಾನು ಅವಳ ಹತ್ತಿರ ಹೋಗಿ, "ಈಗ ನೀ ಇಳಿ" ಎಂದೆ.

"ಮೊದಲ ಐದು ಸುತ್ತು ಓಡಿ ಬರ್ಲೇನಕ್ಕಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ; ಅದೇ ಹೆಚ್ಚು ಚುಚ್ಚಿತು.

"ನಂದ ತಪ್ಪಾತು" ಎಂದೆ. ಈ ಮಾತು ಸೀಟಿಯಷ್ಟು ಜೋರಾಗಿ ಹೊರಡಲಿಲ್ಲ.

ಅವಳು ಇಳಿದಳು. ಹದಿನಾಲ್ಕನ್ನು ಎರಡಕ್ಕೆ ತಂದಳು. ಆ ಎರಡರಿಂದ ನಾವು ಸೋತೆವು.

ಮರುವಾರ ಪಿಟಿ ಸರ್ ಹತ್ತಿರ ಹೋಗಿ, ಅವಳನ್ನೇ ಕ್ಯಾಪ್ಟನ್ ಮಾಡಿರೆಂದು ಕೇಳಿಕೊಂಡೆ. ಮಹಾತ್ಯಾಗ ಮಾಡುತ್ತಿದ್ದೇನೆಂದು ಕಣ್ಣನ್ನೂ ಸ್ವಲ್ಪ ಒದ್ದೆ ಮಾಡಿಕೊಂಡಿದ್ದೆ.

ಸರ್ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಆಕಿ ಅಪ್ಪಂದು ಟೆಂಪೋ ಐತೇನು?" ಎಂದರು.

ನನ್ನ ನಾಯಕತ್ವದ ಗುಣ ಅಷ್ಟು ದಿನ ರಾಯಾಪುರದ ಗ್ಯಾರೇಜಿನ ಮುಂದೆ ನಿಂತಿತ್ತು. ಮನೆಯಲ್ಲಿ ಹೇಳಿದರೆ ಅಬ್ಬಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗಾದ್ರ ನನ್ನ ಯಾಕ ಕ್ಯಾಪ್ಟನ್ ಮಾಡ್ಲಿಲ್ಲಂತ?"

ಕಾಗದದ ಮೇಲೆ ನಾನೇ ಉಳಿದೆ. ಅಂಗಳದಲ್ಲಿ ಅವಳ ಮಾತು ನಡೆಯಿತು. ಮುಗದದ ಬಸ್ಸು ಬಂದ ಮೇಲೆಯೇ ಪ್ರಾಕ್ಟೀಸ್ ಶುರುವಾಗತೊಡಗಿತು. ರೇಡ್ ಬಾರದ ನನಗೆ ಅವಳು ಮೂಲೆಯಲ್ಲಿ ನಿಂತು ಎದುರಿನವರ ಕಾಲು ಹಿಡಿಯುವುದನ್ನು ಕಲಿಸಿದಳು. ತಪ್ಪಿದಾಗಲೆಲ್ಲ, "ಮಾರಿ ಏನ್ ನೋಡ್ತೀರಕ್ಕಾ, ಕಾಲು ನೋಡ್ರಿ!" ಎಂದು ಎಲ್ಲರೆದುರು ಬೈಯುತ್ತಿದ್ದಳು. ಎರಡು ತಿಂಗಳು ಬೈಸಿಕೊಂಡ ಮೇಲೆ, ಒಂದು ಪಂದ್ಯದಲ್ಲಿ ಎದುರಿನ ರೇಡರ್‌ನ ಕಾಲನ್ನು ಗಟ್ಟಿಯಾಗಿ ಹಿಡಿದು ಬೀಳಿಸಿದೆ. ಮೊಣಕೈ ಸುಲಿದು ರಕ್ತ ಬಂತು. ಅದು ಒಂದೇ ಅಂಕ, ಆದರೆ ಯಾರ ಟೆಂಪೋದ್ದೂ ಅಲ್ಲ.