ಆಗದ್ದು ಬೇರೆ, ಅಪರೂಪ ಬೇರೆ

ಭಾರತಮ್ಮ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಕುರುಡುಮಲೆಯಲ್ಲಿ. 2008ರ ಒಂದು ಸಂಕಷ್ಟಿಯ ಸಂಜೆ. ಗಣಪತಿಗೆ ಮಂಗಳಾರತಿ ಆಗುತ್ತಿತ್ತು. ಮಾಲೂರಿನಿಂದ, ಅವಳಿಗೆ ಕೆಲಸ ಕೊಟ್ಟಿದ್ದ ಮುನೇಶ ಫೋನು ಮಾಡಿ, "ಮೇಷ್ಟ್ರೇ, ಭಾರತಕ್ಕ ಬೆಳಿಗ್ಗೆ ಹೋಗ್ಬಿಟ್ರು" ಎಂದ. ಟೇಕಲ್ ಶಾಲೆಯಲ್ಲಿ ನನ್ನ ಬಳಿ ಮಗ್ಗಿ ಕಲಿತವಳು ನನಗಿಂತ ಮೊದಲೇ ಹೊರಟಳು.

ಅವಳ ಕೆಲಸ ಏನೆಂದು ಊರಿನಲ್ಲಿ ಬಹಳ ಮಂದಿಗೆ ತಿಳಿದಿರಲಿಲ್ಲ. ಹನ್ನೆರಡು ವರ್ಷ ಟೇಕಲ್ಲಿನ ಹಾಲಿನ ಡೈರಿಯಲ್ಲಿ ಫ್ಯಾಟು, ಅಂದರೆ ಹಾಲಿನ ಕೊಬ್ಬಿನಂಶ, ನೋಡುತ್ತಿದ್ದಳು. 1999ರಲ್ಲಿ ಮುನೇಶ ಮಾಲೂರಿನ ಎರಡು ಕೋಣೆಗಳಲ್ಲಿ ಕುಳಿತು ಹಳ್ಳಿ ಡೈರಿಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯತೊಡಗಿದ. ಅದನ್ನು ಪರೀಕ್ಷಿಸಲು ಹಾಲು ಬಲ್ಲವರೇ ಬೇಕೆಂದು ಅವಳನ್ನು ಕರೆದ.

ಆ ದಿನಗಳ ಬೆಳಗು ಕಣ್ಣ ಮುಂದಿದೆ. ಬೆಟ್ಟದ ಮೇಲೆ ಬೆಳಕು ಹರಿಯುವ ಮೊದಲೇ ಭಾರತಮ್ಮ ಟೇಕಲ್ ಸ್ಟೇಷನ್ನಿನ ಬೆಂಚಿನ ಮೇಲಿದ್ದಾಳೆ. ತೊಡೆಯ ಮೇಲೆ ಉದ್ದ ನೋಟ್‌ಬುಕ್ಕು. ಹಾಲು ಹಸುವಿನದೋ ಎಮ್ಮೆಯದೋ, ಹೊತ್ತು ಬೆಳಿಗ್ಗೆಯೋ ಸಂಜೆಯೋ, ಫ್ಯಾಟು ಎಷ್ಟು, ನೋಡಿದ್ದು ಯಂತ್ರದಲ್ಲೋ ಕೈಯಲ್ಲೋ, ಕರೆಂಟು ಇತ್ತೋ ಇಲ್ಲವೋ, ಹೀಗೆ ಎಂಟೊಂಬತ್ತು ಕಾಲಂ; ಒಂದೊಂದು ಸಾಲೂ ಪ್ರೋಗ್ರಾಂಗೆ ಒಂದೊಂದು ಪರೀಕ್ಷೆ. ಎಲ್ಲವನ್ನೂ ಎಲ್ಲದರೊಡನೆ ಬೆರೆಸಿದರೆ ಸಾವಿರಾರು ಸಾಲು. ಯಾವ ಎರಡನ್ನು ತೆಗೆದುಕೊಂಡರೂ ಅವು ಒಂದು ಸಾಲಿನಲ್ಲಾದರೂ ಜೊತೆಗೆ ಬರುವಂತೆ ನೋಡಿಕೊಂಡು, ಅವಳು ಅದನ್ನು ಮೂವತ್ತಕ್ಕೆ ಇಳಿಸುತ್ತಾಳೆ. ಮಾಲೂರಿನ ರೈಲು ಬರುವುದರೊಳಗೆ ಐದಾರು ಸಾಲು ಮುಗಿದಿರುತ್ತವೆ.

ಆದರೆ ಕೆಲವು ಜೋಡಿಗಳು ಕೂಡುವುದೇ ಇಲ್ಲ. ಕರೆಂಟಿಲ್ಲದಾಗ ಯಂತ್ರ ನಡೆಯದು. ಅಂಥ ಸಾಲೊಂದನ್ನು ಕಂಡ ಮುನೇಶ ಕೆಂಪು ಪೆನ್ನಿನಿಂದ ಪೂರ್ತಿ ಹೊಡೆದುಹಾಕಿದ. ಎಮ್ಮೆ ಹಾಲೂ ಕರೆಂಟಿಲ್ಲದ ಹೊತ್ತೂ ಜೊತೆಗೆ ಬರುತ್ತಿದ್ದುದು ಆ ಒಂದೇ ಸಾಲಿನಲ್ಲಿ. ಭಾರತಮ್ಮ ನೋಟ್‌ಬುಕ್ಕನ್ನು ಅವನ ಕಡೆ ತಿರುಗಿಸಿದಳು.

"ಏನಪ್ಪಾ ಮುನೇಶ, ಕರೆಂಟ್ ಹೋದ್ರೆ ಎಮ್ಮೆ ಹಾಲ್ ಕೊಡಲ್ವಾ?"

ಸಾಲು ಉಳಿಯಿತು. ಯಂತ್ರ ಎಂದಿದ್ದಲ್ಲಿ ಕೈ ಎಂದು ತಿದ್ದಿದಳು, ಅಷ್ಟೇ.

ಇಷ್ಟು ಎಚ್ಚರದವಳೂ ಒಮ್ಮೆ ತಪ್ಪಿದಳು. ನೋಟ್‌ಬುಕ್ಕಿನ ಕೊನೆಯಲ್ಲಿ 'ಆಗದ್ದು' ಎಂಬ ಪಟ್ಟಿಯಿತ್ತು. ಎಮ್ಮೆ ಹಾಲಿಗೆ ಐದಕ್ಕಿಂತ ಕಡಿಮೆ ಫ್ಯಾಟು ಬರದು ಎಂದು ಅದರಲ್ಲಿ ಬರೆದಿದ್ದಳು. ಹನ್ನೆರಡು ವರ್ಷದಲ್ಲಿ ಅವಳು ಅಂಥದ್ದನ್ನು ಕಂಡಿರಲಿಲ್ಲ. ಹಾಗಾಗಿ ಆ ಎರಡನ್ನು ಕೂಡಿಸಿ ಯಾರೂ ಪರೀಕ್ಷಿಸಲಿಲ್ಲ; ಪ್ರೋಗ್ರಾಂ ಅಂಥ ಹಾಲನ್ನು ತಳ್ಳಿಹಾಕುತ್ತದೆಂದು ಗೊತ್ತಾಗಲೂ ಇಲ್ಲ. 2002ರ ಮಳೆಗಾಲದಲ್ಲಿ ಮಾಸ್ತಿ ಕಡೆಯ ಕದಿರಮ್ಮ ಎಂಬ ವಿಧವೆಯ ಎಮ್ಮೆ ಹಸಿಹುಲ್ಲು ಮೇಯ್ದು ತೆಳು ಹಾಲು ಕೊಟ್ಟಿತು. ಅಲ್ಲಿನ ಡೈರಿಯ ಕಂಪ್ಯೂಟರು ಅದನ್ನು ಒಪ್ಪಲಿಲ್ಲ. ಹಾಲು ಹಾಕಲು ನಿಂತಿದ್ದವರು, ನೀರು ಬೆರೆಸಿದ್ದಾಳೆ ಎಂದರು. ಕದಿರಮ್ಮ ಕ್ಯಾನು ಎತ್ತಿಕೊಂಡು ಹೋದವಳು ನಾಲ್ಕು ದಿನ ಡೈರಿಯ ಕಡೆ ಮುಖ ಹಾಕಲಿಲ್ಲ.

ನಾಲ್ಕನೆಯ ದಿನ ಭಾರತಮ್ಮನಿಗೆ ಸುದ್ದಿ ಮುಟ್ಟಿತು. ಐದನೆಯ ದಿನ ಮೊದಲ ಬಸ್ಸಿಗೆ ಮಾಸ್ತಿಗೆ ಹೋದಳು. ಕೊಟ್ಟಿಗೆಯಲ್ಲಿ ನಿಂತು, ಕಣ್ಣೆದುರೇ ಹಾಲು ಕರೆಸಿ, ತನ್ನ ಕೈಯಿಂದಲೇ ಫ್ಯಾಟು ನೋಡಿದಳು. ನಾಲ್ಕೂವರೆ ಇತ್ತು. ಕದಿರಮ್ಮನನ್ನು ಜೊತೆಗೆ ಕರೆದುಕೊಂಡು ಡೈರಿಗೆ ನಡೆದು, ಎಲ್ಲರ ಮುಂದೆ ನಿಂತಳು.

"ಈಯಮ್ಮನ ಹಾಲಲ್ಲಿ ತಪ್ಪಿಲ್ಲ. ನಾನು ಬರ್ದಿದ್ದು ತಪ್ಪು."

ಕದಿರಮ್ಮನೇ ಅವಳನ್ನು ಸಮಾಧಾನಪಡಿಸಬೇಕಾಯಿತು. "ಪೋನೀಲೇ ತಾಯಿ, ಹೋಗ್ಲಿ ಬಿಡು, ಎಮ್ಮೆ ಏನ್ ನಿನ್ ಪುಸ್ತಕ ಓದ್ಕೊಂಡು ಹಾಲ್ ಕೊಡ್ತಾ?"

ಅಂದಿನಿಂದ ಪಟ್ಟಿ ಎರಡಾಯಿತು. ಒಂದು 'ಆಗದ್ದು', ಇನ್ನೊಂದು 'ಅಪರೂಪ'. ಪ್ರತಿಯೊಂದರ ಪಕ್ಕದಲ್ಲಿ ಯಾರು ಹೇಳಿದರು, ಯಾವ ಊರಲ್ಲಿ ಎಂದೂ ಬರೆಯುತ್ತಿದ್ದಳು. "ಆಗದ್ದು ಬಿಡ್ಬೋದು ಮೇಷ್ಟ್ರೇ, ಅಪರೂಪದ್ದನ್ನ ಮೊದ್ಲು ನೋಡ್ಬೇಕು" ಎಂದು ನನಗೂ ಪಾಠ ಹೇಳಿದಳು. ಡೈರಿಗಳಿಗೆ ಬ್ಯಾಟರಿ ಬಂದ ವರ್ಷ, ಕರೆಂಟಿಲ್ಲದೆ ನಡೆಯುವ ಯಂತ್ರವೂ 'ಆಗದ್ದು' ಪಟ್ಟಿಯಿಂದ ಹೊರಬಂತು.

ಅವಳು ತೀರಿಕೊಂಡ ಮೂರನೆಯ ದಿನ ಹಾಲು ತುಪ್ಪ ಬಿಡಲು ಟೇಕಲ್ಲಿನಲ್ಲಿ ಸೇರಿದೆವು. ಮುನೇಶ ಪ್ಯಾಕೆಟ್ ಹಾಲು ತಂದಿದ್ದ. ಅಷ್ಟರಲ್ಲಿ ಕದಿರಮ್ಮ ಬಂದಳು. ಮಾಸ್ತಿಯಿಂದ ಎರಡು ಬಸ್ಸು ಹತ್ತಿಳಿದು, ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ತನ್ನ ಎಮ್ಮೆಯ ಹಾಲು ತಂದಿದ್ದಳು. ಮುನೇಶ ಪ್ಯಾಕೆಟ್ಟನ್ನು ಹಿಂದಕ್ಕೆ ಇಟ್ಟ. ಕದಿರಮ್ಮ ಸಮಾಧಿಯ ಮಣ್ಣಿನ ಮುಂದೆ ಕುಳಿತು ಮೆಲ್ಲಗೆ ಹಾಲು ಬಿಟ್ಟಳು.

"ವಸಿ ತೆಳು ಐತೆ ತಾಯಿ. ನೀರಾಕಿಲ್ಲ."

ಭಗವಂತಾ, ತಾನು ಬರೆದದ್ದನ್ನು ತಾನೇ ಹೋಗಿ ನೋಡಿ ತಿದ್ದಿದ ಮಗಳು ಇವಳು. ನಿನ್ನ ಪಾದದಡಿಯಲ್ಲಿ ಇವಳಿಗೆ ಜಾಗ ಕೊಡು. ಇವಳ ಆತ್ಮ ತಣ್ಣಗಿರಲಿ.