ಮೆಣಸಿನಕಾಯಿ ಕುಂತ ಕಟ್ಟಿ

ಥಂಡಿ ಶುರು ಆತಂದ್ರ ನನ್ನ ಮೊಣಕಾಲು ಹಿಡಕೋತಾವ. ಅದಕ್ಕ ಒಲಿ ಬಾಜುಕ ಬೆಚ್ಚಗಿನ ಮಣ್ಣಿನ ಕಟ್ಟಿ ಕಟ್ಟಬೇಕಂತ ಹಟ ಹಿಡಿದೆ. ಒಲಿ ಮ್ಯಾಲೆ ಹಳೇ ಬ್ಯಾರಲ್ ಬೋರಲು ಹಾಕಿ, ಹೊಗಿ ಕಟ್ಟಿಯೊಳಗಿನ ಪೈಪಿನಾಗ ಹಾದು ಹೊರಗ ಹೋಗೂಹಂಗ ಮಾಡಿದರ ಕಟ್ಟಿ ಕಾಯತೈತಿ. ಮೊಬೈಲಿನಾಗ ನೋಡಿದ್ದೆ. ಮೊದಲು ನಮ್ಮ ಹೊಲದ ಕರಿ ಎರಿ ಮಣ್ಣಿನಲೆ ಕಟ್ಟಿದೆ. ಕಾದಕೂಡಲೆ ಬಿರುಕು ಬಿಟ್ಟು ಮನಿ ತುಂಬ ಹೊಗಿ ಆತು. ಕಲಘಟಗಿ ಕಡೆಯಿಂದ ಕೆಂಪು ಮಣ್ಣು ತರಿಸಿ, ಹೊಟ್ಟು ಕಲಸಿ ಮತ್ತ ಕಟ್ಟಿದೆ.

ಎಂದೂ ಮನಿಗೆಲಸಕ್ಕ ಕೈ ಹಚ್ಚದ ಗಂಡ ಈ ಸಲ ತಾನೂ ಮಣ್ಣು ತುಳಿದ. "ಗಿಡ್ಡ ಯಾಕ ಮಾಡ್ತಿ? ಉದ್ದ ಮಾಡು, ಆರಾಮ ಕಾಲು ಚಾಚು" ಅಂದ. ಮುದುಕಗ ಈಗರೆ ನನ್ನ ಮೊಣಕಾಲು ಕಂಡವು ಅಂತ ಹಿಗ್ಗಿದೆ.

ಒಂದಿಷ್ಟು ಹತ್ತಿ ಕಟಗಿ ಉರಿಸಿ ಬ್ಯಾರಲ್ ಮ್ಯಾಲೆ ರಾತ್ರಿ ರೊಟ್ಟಿ ಮಾಡಿದರ ಕಟ್ಟಿ ಮುಂಜಾನಿ ತನಕ ಬೆಚ್ಚಗ ಇರತಿತ್ತು. ಆಮ್ಯಾಲೆ ಹೊಲದಿಂದ ಮೆಣಸಿನಕಾಯಿ ಬಂತು. ಹಿತ್ತಲದಿಂದ ಬಂದು ನೋಡಿದರ ಕಟ್ಟಿ ತುಂಬ ಚೀಲ.

"ನಾ ಎಲ್ಲಿ ಕೂಡ್ಲಿರಿ?" ಅಂದೆ.

"ಇಬ್ಬನಿಗೆ ಕಾಯಿ ಮೆತ್ತಗಾಗ್ಯಾವ. ನೀ ಎಲ್ಲೆರೆ ಕೂಡು. ನಿನಗೇನು ಬೂಷ್ಟು ಹಿಡೀತೈತೇನ?"

ಅಷ್ಟ ಆಗಿದ್ರ ನಕ್ಕು ಸುಮ್ಮನಾಗತಿದ್ದೆ. ಆದರ ಬಾಜು ಮನಿಯವಗ ಅಂವ ಹೇಳಿದ್ದು ಕಿವಿಗೆ ಬಿತ್ತು: "ಅಕಿ ತನಗಷ್ಟ ಸಣ್ಣದು ಕಟ್ಟಾಕಿ ಇದ್ಲು. ಚೀಲ ಹಿಡೀಲಿ ಅಂತ ನಾನ ಉದ್ದ ಮಾಡಿಸಿದೆ."

ಮರುದಿನದಿಂದ ಗ್ಯಾಸಿನ ಮ್ಯಾಲೆ ರೊಟ್ಟಿ ಮಾಡಾಕತ್ತೀನಿ.

"ಒಲಿ ಹಚ್ಚಲೇ, ಕಾಯಿ ಕೆಡತಾವ" ಅಂತಾನ.

"ಚೀಲ ಇಳಸ್ರಿ, ಹಚ್ಚತೀನಿ."

ಅಂವ ಇಳಸವಲ್ಲ. ಮೊಣಕಾಲು ನೋಯ್ತಾವ, ಆದರೂ ನಾ ಹಚ್ಚೂದಿಲ್ಲ.